ಥೇಮ್ಸ್ ದಡದಲ್ಲಿ ನಾರ್ವೆಯ ಮೇ ಹದಿನೇಳು

ಮೊಮ್ಮಗಳ ತರಗತಿಯಲ್ಲಿ ನಾರ್ವೆಯ ಹುಡುಗಿಯೊಬ್ಬಳಿದ್ದಾಳೆ. ಲಂಡನ್ನಿನ ಮಗಳ ಮನೆಯಲ್ಲಿ ನಾನಿದ್ದ ಮೂರು ತಿಂಗಳಲ್ಲಿ ಅವಳು ಎಷ್ಟೋ ಸಂಜೆ ನಮ್ಮಲ್ಲಿಯೇ ಆಡಿ, ಬಿಸಿ ಚಪಾತಿ ತಿಂದು ಹೋಗಿದ್ದಳು. ಅವಳನ್ನು ಕರೆದೊಯ್ಯಲು ಬಂದ ತಾಯಿ ಒಂದು ದಿನ ಹೊಸಿಲಲ್ಲೇ ನಿಂತು, ಮೇ 17 ತಮ್ಮ ನಾಡಹಬ್ಬವೆಂದೂ ನಾವೆಲ್ಲರೂ ಬರಲೇಬೇಕೆಂದೂ ಕರೆದರು. ಆ ವರ್ಷ ಹಬ್ಬ ಶನಿವಾರ ಬಂದಿದ್ದರಿಂದ ಮಕ್ಕಳ ಶಾಲೆಯ ಚಿಂತೆಯೂ ಇರಲಿಲ್ಲ.

ವೈಟ್‌ಚಾಪೆಲ್‌ನಲ್ಲಿ ಓವರ್‌ಗ್ರೌಂಡ್ ರೈಲು ಹತ್ತಿದೆವು. ವಾಪಿಂಗ್ ನಿಲ್ದಾಣ ದಾಟಿದೊಡನೆ ರೈಲು ಥೇಮ್ಸ್ ನದಿಯ ಅಡಿಯಲ್ಲಿ ಹಾದುಹೋಗುತ್ತದೆ. ಮಾರ್ಕ್ ಬ್ರೂನೆಲ್ ಕಟ್ಟಿಸಿ, 1843ರಲ್ಲಿ ಜನರ ಓಡಾಟಕ್ಕೆ ತೆರೆದ ಆ ಸುರಂಗದ ಆಚೆ ತುದಿಯಲ್ಲಿದೆ ರೋದರ್‌ಹೈಥ್. ಒಂದು ಕಾಲದಲ್ಲಿ ಇಲ್ಲಿನ ಸರ್ರೆ ಡಾಕ್‌ಗಳಿಗೆ ನಾರ್ವೆ, ಸ್ವೀಡನ್, ಫಿನ್‌ಲೆಂಡ್‌ಗಳಿಂದ ಮರದ ದಿಮ್ಮಿ ಹಲಗೆಗಳನ್ನು ತುಂಬಿಕೊಂಡ ಹಡಗುಗಳು ಬರುತ್ತಿದ್ದವು. ತಿಂಗಳುಗಟ್ಟಲೆ ಮನೆ ಬಿಟ್ಟಿರುವ ನಾವಿಕರಿಗೆ ಪರವೂರಿನಲ್ಲಿ ತಮ್ಮ ಭಾಷೆಯ ನಾಲ್ಕು ಮಾತು, ತಮ್ಮ ದೇಶದ ಪತ್ರಿಕೆ, ಒಂದು ಲೋಟ ಬಿಸಿ ಕಾಫಿ ಸಿಗಲೆಂದು 1864ರಲ್ಲಿ ನಾರ್ವೆಯ ಬರ್ಗನ್ ಪಟ್ಟಣದಲ್ಲಿ ಒಂದು ಸಂಸ್ಥೆ ಹುಟ್ಟಿತು. ‘ನಾವಿಕರ ಚರ್ಚು’ ಎಂಬ ಹೆಸರಿನಿಂದಲೇ ಅದು ಇಂದಿಗೂ ಹಲವು ದೇಶಗಳಲ್ಲಿ ಕೆಲಸ ಮಾಡುತ್ತಿದೆ. ಡಾಕ್‌ಗಳು 1970ರಲ್ಲಿ ಮುಚ್ಚಿದವು, ನಾವಿಕರು ಬರುವುದೂ ನಿಂತಿತು. ಚರ್ಚು ಮಾತ್ರ ಉಳಿದು, ಈಗ ಲಂಡನ್ನಿನಲ್ಲಿ ಸಂಸಾರ ಹೂಡಿರುವ ನಾರ್ವೆಯವರ ತವರುಮನೆಯಂತಾಗಿದೆ.

ಹಬ್ಬ ನಡೆಯುವ ಪಾರ್ಕಿಗೆ ಹೋಗುವ ಮೊದಲು ರೋದರ್‌ಹೈಥ್‌ನ ಆ ನಾವಿಕರ ಚರ್ಚನ್ನು, ಸಂತ ಓಲಾವ್ ಚರ್ಚನ್ನು, ನೋಡಿದೆವು. 1927ರಲ್ಲಿ ಕಟ್ಟಿದ ಇಟ್ಟಿಗೆಯ ಕಟ್ಟಡ. ಗೋಪುರದ ನೆತ್ತಿಯಲ್ಲಿ ಗಾಳಿ ಬೀಸಿದತ್ತ ತಿರುಗುವ ವೈಕಿಂಗ್ ಹಡಗಿದೆ. 1940ರಲ್ಲಿ ಜರ್ಮನಿ ನಾರ್ವೆಯನ್ನು ಆಕ್ರಮಿಸಿದಾಗ ದೇಶ ಬಿಟ್ಟು ಲಂಡನ್ನಿಗೆ ಬಂದ ಏಳನೆಯ ಹಾಕೊನ್ ದೊರೆ ಐದು ವರ್ಷ ಪ್ರಾರ್ಥನೆಗೆ ಬರುತ್ತಿದ್ದುದು ಇಲ್ಲಿಗೇ. ಆ ವರ್ಷಗಳಲ್ಲಿ ನಾರ್ವೆಯೊಳಗೆ ಮೇ 17ರ ಆಚರಣೆಯನ್ನು ನಿಷೇಧಿಸಲಾಗಿತ್ತು. ತಾಯ್ನೆಲದಲ್ಲಿ ಬಾವುಟ ಹಾರಿಸಲಾಗದ ದಿನಗಳಲ್ಲಿ ದೊರೆಯೂ ನಾವಿಕರೂ ಒಂದೇ ಸೂರಿನಡಿ ತಮ್ಮ ಭಾಷೆಯ ಹಾಡು ಹಾಡಿರಬೇಕೆಂದು ನೆನೆದಾಗ ಆ ಮರದ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂರಬೇಕೆನಿಸಿತು; ಕೂತೆ.

ಸದರ್ಕ್ ಪಾರ್ಕ್ ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ. ಒಳಗೆ ಕಾಲಿಟ್ಟರೆ ಎಲ್ಲೆಲ್ಲೂ ಕೆಂಪು, ಬಿಳಿ, ನೀಲಿ. ಎದುರಾದವರೆಲ್ಲ ‘ಗ್ರಾತುಲೆರೆರ್ ಮೆದ್ ದಾಗೆನ್’ ಎಂದು, ಹುಟ್ಟುಹಬ್ಬಕ್ಕೆ ಹೇಳುವ ಮಾತಿನಲ್ಲೇ ಒಬ್ಬರಿಗೊಬ್ಬರು ಶುಭ ಕೋರುತ್ತಿದ್ದರು. ವಾದ್ಯದವರ ಹಿಂದೆ ಪುಟ್ಟ ಬಾವುಟ ಹಿಡಿದ ಮಕ್ಕಳ ಸಾಲು ಹೊರಟಿತು. ನಡೆಯಲಾರದ ಕೂಸುಗಳು ಅಪ್ಪಂದಿರ ಹೆಗಲೇರಿದ್ದವು. ದೆಹಲಿಯ ಜನವರಿ 26ರ ಪೆರೇಡನ್ನು ಪ್ರತಿವರ್ಷ ಟಿ.ವಿ.ಯಲ್ಲಿ ನೋಡುವ ಮೊಮ್ಮಗಳು, “ಅಜ್ಜಿ, ಇವರ ಸೈನಿಕರು ಯಾವಾಗ ಬರ್ತಾರೆ?” ಎಂದು ಕೇಳಿದಳು. ನಮ್ಮನ್ನು ಕರೆದ ತಾಯಿಗೆ ಆ ಪ್ರಶ್ನೆಯನ್ನು ತಿಳಿಸಿದೆ. ಅವರು ಮಕ್ಕಳ ಸಾಲನ್ನು ತೋರಿಸಿ, “ಇವರೇ” ಎಂದರು.

ನಮ್ಮ ಗಣರಾಜ್ಯೋತ್ಸವದಂತೆ ಇದೂ ಸಂವಿಧಾನದ ಹಬ್ಬವೇ. ನಾಲ್ಕು ಶತಮಾನಗಳಿಗೂ ಹೆಚ್ಚು ಕಾಲ ಡೆನ್ಮಾರ್ಕಿನ ಜೊತೆಗಿದ್ದ ನಾರ್ವೆಯನ್ನು 1814ರ ಜನವರಿಯಲ್ಲಿ, ಅಲ್ಲಿನ ಜನರನ್ನು ಒಂದು ಮಾತೂ ಕೇಳದೆ, ಸ್ವೀಡನ್ನಿನ ದೊರೆಗೆ ಒಪ್ಪಿಸಲಾಯಿತು. ಅದನ್ನು ಒಪ್ಪದ 112 ಪ್ರತಿನಿಧಿಗಳು ಐಡ್ಸ್‌ವೋಲ್ ಎಂಬ ಊರಿನ ಒಂದು ದೊಡ್ಡ ಮನೆಯಲ್ಲಿ ಸೇರಿ ಸಂವಿಧಾನವನ್ನು ಬರೆದು, ಮೇ 17ರಂದು ಅದಕ್ಕೆ ಸಹಿ ಹಾಕಿದರು. ಸ್ವೀಡನ್ನಿನೊಡನೆ ಒಕ್ಕೂಟ ಆ ವರ್ಷವೇ ಬಂದೊದಗಿ 1905ರವರೆಗೂ ನಡೆಯಿತಾದರೂ ಸಂವಿಧಾನವನ್ನು ಅವರು ಕೈಬಿಡಲಿಲ್ಲ. ಓಸ್ಲೋ ನಗರದಲ್ಲಿ ಮಕ್ಕಳ ಮೆರವಣಿಗೆ 1870ರಲ್ಲಿ ಮೊದಲಾದಾಗ ಅದರಲ್ಲಿ ಗಂಡುಮಕ್ಕಳಷ್ಟೇ ಇದ್ದರು; 1889ರಲ್ಲಿ ಹೆಣ್ಣುಮಕ್ಕಳೂ ಸೇರಿದರು. ರಾಷ್ಟ್ರದ ದೊಡ್ಡ ದಿನದ ಮುಂದಾಳುತನವನ್ನು ಮಕ್ಕಳಿಗೆ ವಹಿಸಿದ ಈ ಕ್ರಮ ನನಗೆ ಬಹಳ ಹಿಡಿಸಿತು.

ಇನ್ನು ಉಡುಗೆಯ ಮಾತು. ಹಬ್ಬಕ್ಕೆ ಅವರು ಉಡುವ ‘ಬುನಾದ್’ ಎಂಬ ಉಡುಪಿನಲ್ಲಿ ಸೀಮೆಗೊಂದರಂತೆ ನಾನೂರಕ್ಕೂ ಹೆಚ್ಚು ಬಗೆಗಳಿವೆ. ಅದನ್ನು ಹೊಲಿಯುವ, ಉಡುವ ಪರಂಪರೆ 2024ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ನಮ್ಮ ಆತಿಥೇಯರದು ಹಾರ್ಡಾಂಗರ್ ಸೀಮೆ. ಕೆಂಪು ಕುಪ್ಪಸ, ಎದೆಯ ಮೇಲೆ ಮಣಿ ಕಸೂತಿಯ ಪಟ್ಟಿ, ಬಿಳಿಯ ಮೇಲೆ ಬಿಳಿ ನೂಲಿನಲ್ಲೇ ಎಳೆ ಎಣಿಸಿ ಹೊಲಿದ ಏಪ್ರನ್. ಅವರ ತಾಯಿ ಅದನ್ನು ಎರಡು ಚಳಿಗಾಲ ಕೂತು ಹೊಲಿದರಂತೆ. ಆತಿಥೇಯರು ತಮ್ಮ ಮಗಳ ಲಂಗದ ಅಂಚನ್ನು ತಿರುವಿ ತೋರಿಸಿದರು: ಒಳಗೆ ನಾಲ್ಕು ಬೆರಳಗಲ ಬಟ್ಟೆ ಮಡಿಸಿತ್ತು, ಹುಡುಗಿ ಬೆಳೆದಂತೆ ಬಿಚ್ಚಲೆಂದು. ನನ್ನ ಅಮ್ಮನೂ ದರ್ಜಿಯ ಎದುರು ನಿಂತು ನನ್ನ ಲಂಗಕ್ಕೆ ಹೀಗೆಯೇ ಒಳಗೆ ಹಿಡಿಸಿ ಹೊಲಿಸುತ್ತಿದ್ದಳು.

ಆ ಹುಡುಗಿಯ ಕೊರಳ ಬಳಿ ‘ಸೋಲ್ಯೆ’ ಎಂಬ ಬೆಳ್ಳಿಯ ಪದಕವಿತ್ತು. ಅದರ ಸುತ್ತ ಚಮಚದ ಬಟ್ಟಲಿನಂತೆ ತಗ್ಗಾದ, ಉಗುರಿಗಿಂತ ಚಿಕ್ಕ ಬಿಲ್ಲೆಗಳು ತೂಗುತ್ತಿದ್ದವು. ಅವಳು ಉಸಿರಾಡಿದರೂ ಸಾಕು, ಅವು ಅಲುಗಿ ಬೆಳಕನ್ನು ಚೆಲ್ಲುತ್ತಿದ್ದವು. ಓಡಿದಾಗ ಕಿವಿಗೊಟ್ಟರೆ ಮಾತ್ರ ಕೇಳುವಂಥ ಕಿಣಿಕಿಣಿ. ಜನಪದ ನಂಬಿಕೆಯ ನೆಲದಡಿಯ ಗುಪ್ತಜನ ತೊಟ್ಟಿಲ ಮಗುವನ್ನು ಅದಲುಬದಲು ಮಾಡದಿರಲೆಂದು ಹಿಂದೆ ಹಸುಳೆಯ ಬಟ್ಟೆಗೆ ಬೆಳ್ಳಿ ಸಿಕ್ಕಿಸುತ್ತಿದ್ದರಂತೆ. ಈ ಪದಕ ಮುತ್ತಜ್ಜಿಯದು. ಸಾಮಾನು ಸಾಗಿಸುವವರನ್ನು ನಂಬದೆ, ಕೈಚೀಲದಲ್ಲಿಟ್ಟುಕೊಂಡು ವಿಮಾನದಲ್ಲಿ ತಂದೆನೆಂದು ಆ ತಾಯಿ ಹೇಳಿದರು.

ಊಟಕ್ಕೆ ಸಾಸೇಜು, ಐಸ್‌ಕ್ರೀಮು. ಸಸ್ಯಾಹಾರಿಗಳಾದ ನಮಗೆ ಹೃದಯದಾಕಾರದ ಮೆತ್ತನೆಯ ವಾಫಲ್, ಮೇಲೆ ಜಾಮ್, ಕಂದು ಚೀಸ್. ಹಾಲೊಡಕನ್ನು ಗಂಟೆಗಟ್ಟಲೆ ಕುದಿಸಿ ಮಾಡುವ ಆ ಚೀಸಿಗೆ ನಮ್ಮ ಖೋವಾದ ಸಿಹಿಯಿದೆ, ಹಿಂದೆಯೇ ಒಂದಿಷ್ಟು ಉಪ್ಪು.

ಕೊನೆಗೆ ಎಲ್ಲರೂ ಎದ್ದು ನಿಂತು ರಾಷ್ಟ್ರಗೀತೆ ಹಾಡಿದರು. ಬ್ಯೋರ್ನ್‌ಸನ್ ಬರೆದು ನೂರ್‌ಡ್ರೋಕ್ ರಾಗ ಹಾಕಿದ ಗೀತೆಯದು. ಇಂಗ್ಲೆಂಡಿನಲ್ಲೇ ಹುಟ್ಟಿ, ತಮ್ಮತಮ್ಮಲ್ಲಿ ಇಂಗ್ಲಿಷಿನಲ್ಲೇ ಜಗಳವಾಡುತ್ತಿದ್ದ ಮಕ್ಕಳು ಕೂಡ ಹಾಳೆ ನೋಡಿಕೊಳ್ಳದೆ ಹಾಡಿದರು. ಚರ್ಚಿನಲ್ಲೂ ಮನೆಯಲ್ಲೂ ಎಷ್ಟು ಸಲ ಹೇಳಿಕೊಟ್ಟಿರಬೇಕೆಂದು, ವಾರಕ್ಕೊಮ್ಮೆ ಮೊಮ್ಮಗಳನ್ನು ಕನ್ನಡ ಪಾಠಕ್ಕೆ ಕೂರಿಸಲು ಹೆಣಗುವ ನನ್ನ ಮಗಳು ಆ ತಾಯಿಯನ್ನು ಕೇಳಿದಳು. ಇಬ್ಬರೂ ಬಹಳ ಹೊತ್ತು ಮಾತಾಡಿದರು.

ಮರಳುವಾಗ ಮೊಮ್ಮಗಳು ಹಾಡಿನ ಮೊದಲ ಪದಗಳನ್ನು ಗುನುಗುತ್ತಲೇ ಇದ್ದಳು; ಮರೆತುಹೋದೀತೆಂದು ಬರೆದುಕೊಡಲು ಕೇಳಿದಳು. ಅವಳ ಕಾಗದದ ಬಾವುಟದ ಬಿಳಿಯ ಗೆರೆಯ ಮೇಲೆ ‘ಯಾ ವಿ ಎಲ್ಸ್ಕೆರ್’ ಎಂದು ಕನ್ನಡದಲ್ಲಿ ಬರೆದೆ. ಅವಳು ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ, ‘ಲ್ಸ್ಕೆ’ ಒತ್ತಕ್ಷರದಲ್ಲಿ ತಡವರಿಸಿ, ಮತ್ತೆ ಮೊದಲಿನಿಂದ ಓದಿ ಮುಗಿಸುವಷ್ಟರಲ್ಲಿ ರೈಲು ನದಿಯನ್ನು ದಾಟಿ ವಾಪಿಂಗ್‌ನಲ್ಲಿ ನಿಂತಿತ್ತು.