ಚಿತ್ರ ಕುಗ್ಗಲಿ, ಅಕ್ಷರ ಕುಗ್ಗಬಾರದು

ಮೈಸೂರಿನ ಸರಸ್ವತಿಪುರಂನಲ್ಲಿ ಕುಳಿತು ಲೇಟೆಕ್ ಎಂಬ, ಆಜ್ಞೆ ಬರೆದು ಪುಟ ಜೋಡಿಸುವ ತಂತ್ರಾಂಶದಲ್ಲಿ ಮಹಾಪ್ರಬಂಧಗಳ ಪುಟ ಕಟ್ಟಿಕೊಡುವುದು ನನ್ನ ಕೆಲಸ. ಮಂಡ್ಯದ ಸಂಶೋಧನಾ ವಿದ್ಯಾರ್ಥಿನಿಯೊಬ್ಬರು ನಾಲೆಯ ಹರಿವಿನ ಬಗ್ಗೆ ಬರೆದಿದ್ದರು. ನಾಲೆಯ ಅಡ್ಡಕೊಯ್ತವನ್ನು ನಾನೇ ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಬರೆದು, ಪಕ್ಕದಲ್ಲಿ ನೀರಿನ ವೇಗ ಲೆಕ್ಕ ಹಾಕುವ ಮ್ಯಾನಿಂಗ್ ಸೂತ್ರವನ್ನೂ ಕೂರಿಸಿದ್ದೆ. ಮುದ್ರಿತ ಪ್ರತಿ ಹಿಡಿದು ಅವರು ಮರಳಿ ಬಂದರು. “ಸರ್, ನಮ್ಮ ಗೈಡ್ ಈ ಘಾತವನ್ನು ಎಂಟರಲ್ಲಿ ಎರಡು ಎಂದು ಓದಿದರು.”

ಅಲ್ಲಿದ್ದದ್ದು 2/3. ಸೂತ್ರ 10 ಪಾಯಿಂಟ್, ಘಾತ 7 ಪಾಯಿಂಟ್. ಪುಟಕ್ಕೆ ಹೊಂದಿಸಲು ಚಿತ್ರವನ್ನು ಶೇ 60ಕ್ಕೆ ಇಳಿಸಿದಾಗ ಘಾತ 4.2 ಪಾಯಿಂಟಿಗೆ ಇಳಿದು, 3ರ ಬಾಯಿ ಶಾಯಿಯಲ್ಲಿ ಮುಚ್ಚಿಹೋಗಿತ್ತು. ಗೆರೆಗಳನ್ನು ಗಣಿತವಾಗಿ ಉಳಿಸುವ ವೆಕ್ಟರ್ ಚಿತ್ರ ಎಷ್ಟು ಹಿಗ್ಗಿಸಿದರೂ ಮಸುಕಾಗುವುದಿಲ್ಲ. ಪರದೆಯ ಮೇಲೆ ಹಿಗ್ಗಿಸಿ ನೋಡಿಯೇ ನಾನು ಒಪ್ಪಿಬಿಟ್ಟಿದ್ದೆ. ಓದುವವರ ಕೈಗೆ ಹೋಗುವುದು ಕಾಗದ. ಅದರ ನಿಜವಾದ ಅಳತೆಯಲ್ಲಿ ಒಮ್ಮೆ ಮುದ್ರಿಸಿ ನೋಡಬೇಕಿತ್ತು.

ಈಗ ಚಿತ್ರದೊಳಗೆ ಅಕ್ಷರ ಅಚ್ಚಾಗಲು ಬಿಡುವುದಿಲ್ಲ. ಇಂಕ್‌ಸ್ಕೇಪ್‌ನಿಂದ ಪಿಡಿಎಫ್ ಉಳಿಸುವಾಗ ಪಠ್ಯವನ್ನು ಬಿಟ್ಟು ಲೇಟೆಕ್ ಕಡತ ಮಾಡುವ ಆಯ್ಕೆ ಇದೆ. ಗೆರೆಗಳು ಪಿಡಿಎಫ್‌ಗೆ ಹೋಗುತ್ತವೆ, ಅಕ್ಷರಗಳೂ ಅವುಗಳ ಸ್ಥಾನವೂ ಇನ್ನೊಂದು ಕಡತಕ್ಕೆ. ಚಿತ್ರದಲ್ಲಿ ಸೂತ್ರವನ್ನು ಡಾಲರ್ ಚಿಹ್ನೆಗಳ ನಡುವೆ ಆಜ್ಞೆಯಾಗಿಯೇ ಬರೆಯುತ್ತೇನೆ. ಅಲ್ಲಿ ಅದು ಒರಟಾಗಿ ಕಾಣುತ್ತದೆ, ಪುಟದಲ್ಲಿ ಮಾತ್ರ ಪಠ್ಯದ ಫಾಂಟಿನಲ್ಲೇ, ಅದರ ಅಳತೆಯಲ್ಲೇ ಅಂದವಾಗಿ ಮೂಡುತ್ತದೆ. ಯೂನಿಕೋಡ್ ಬಲ್ಲ ಲೇಟೆಕ್ ರೂಪವಾದ ಝಿಲೇಟೆಕ್‌ನಲ್ಲಿ ನಡೆಸಿದರೆ ‘ಕ್ಷೇತ್ರಫಲ’ದ ಒತ್ತಕ್ಷರವೂ ಸರಿಯಾಗಿ ಕೂರುತ್ತದೆ.

ಒಂದು ಎಚ್ಚರಿಕೆ ಬೇಕು. ಚಿತ್ರದಲ್ಲಿ ಬರೆದ ಆಜ್ಞೆ ಉದ್ದ, ಪುಟದಲ್ಲಿ ಮೂಡುವ ಸೂತ್ರ ಗಿಡ್ಡ. ಗೆರೆಯ ನಡುವೆ ನಿಲ್ಲಬೇಕಾದ ಹೆಸರನ್ನು ಎಡಕ್ಕೆ ಜೋಡಿಸಿದ್ದರೆ ಅದು ಪುಟದಲ್ಲಿ ಎಡಕ್ಕೇ ಉಳಿದುಬಿಡುತ್ತದೆ. ನಡುವಿಗೆ ಬರಬೇಕಾದುದನ್ನು ಮೊದಲೇ ನಡು ಜೋಡಣೆಗೆ ಹಾಕಬೇಕು. ಇದು ತಿಳಿಯುವ ಮುಂಚೆ ಒಂದೊಂದು ಹೆಸರನ್ನೂ ಕೈಯಿಂದ ಸರಿಸುತ್ತಾ ಒಂದು ಇಡೀ ಸಂಜೆ ಕಳೆದಿದ್ದೇನೆ.

ಅಡ್ಡಕೊಯ್ತವನ್ನು ಕೊನೆಗೆ ಲೇಟೆಕ್‌ನೊಳಗೇ ಆಜ್ಞೆಗಳಿಂದ ಚಿತ್ರ ಬಿಡಿಸುವ ಟಿಕ್‌ಝೆಡ್‌ನಲ್ಲೇ ಬರೆದೆ. ತಳದ ಅಗಲ 3 ಮೀಟರ್, ಆಳ 1.2, ದಡದ ಇಳಿಜಾರು ಅಡ್ಡಕ್ಕೆ 1.5, ಎತ್ತರಕ್ಕೆ 1. ಈ ಮೂರು ಸಂಖ್ಯೆ ಕೊಟ್ಟರೆ ಮೂಲೆಗಳನ್ನು ಅದು ತಾನೇ ಲೆಕ್ಕ ಹಾಕುತ್ತದೆ. ನೀರಿನ ಮೇಲ್ಮೈ ಅಗಲ 6.6 ಮೀಟರ್. ಪಕ್ಕದಲ್ಲಿ ಕುಳಿತಿದ್ದ ವಿದ್ಯಾರ್ಥಿನಿ ಆಳವನ್ನು ತಾವೇ 1.5 ಎಂದು ತಿದ್ದಿದರು. ದಡಗಳು ಅಗಲಕ್ಕೆ ಸರಿದು ಮೇಲ್ಮೈ 7.5 ಮೀಟರ್ ಆಯಿತು. ಅಕ್ಷರದ ಅಳತೆ ಮುಟ್ಟದೆ ಚಿತ್ರವನ್ನು ಅರ್ಧಕ್ಕೆ ಇಳಿಸಿ ಮುದ್ರಿಸಿದೆವು. ಘಾತದ 3 ಬಾಯಿ ತೆರೆದುಕೊಂಡೇ ಇತ್ತು.