ಜಪಾನಿ ಭಾಷೆಯ ‘ಅಲ್ಲ’ದೊಳಗೆ ಒಂದು ‘ಇಲ್ಲ’

ಜಪಾನಿ ಕಲಿಯಲು ಆರಂಭಿಸಿದವರಿಗೆ ಬಹಳ ಬೇಗ ಎದುರಾಗುವ ವಾಕ್ಯ ‘ವತಶಿ ವ ಗಕುಸೇ ದೆಸ್’, ಅಂದರೆ ‘ನಾನು ವಿದ್ಯಾರ್ಥಿ’. ಇದನ್ನು ನಿಷೇಧಾರ್ಥಕ್ಕೆ ತಿರುಗಿಸಲು ‘ದೆಸ್’ ತೆಗೆದು ‘ದೆವ ಅರಿಮಸೆನ್’ ಸೇರಿಸಬೇಕು. ನಾಮಪದಕ್ಕೆ ಯಾವ ಮಾರ್ಪಾಡೂ ಆಗುವುದಿಲ್ಲ; ನಿಷೇಧವು ನಮ್ಮ ‘ಅಲ್ಲ’ ಬರುವಂತೆ ವಾಕ್ಯದ ಕೊನೆಗೇ ಬರುತ್ತದೆ. ಆದ್ದರಿಂದ ಪದಗಳ ಕ್ರಮದಲ್ಲಿ ಕನ್ನಡಿಗರಿಗೆ ಕಲಿಯಲು ಹೊಸದೇನೂ ಇಲ್ಲ.

ಈ ‘ದೆವ ಅರಿಮಸೆನ್’ ಎಂಬುದನ್ನು ಅನೇಕರು ಒಡೆಯಲಾಗದ ಒಂದೇ ಗಂಟೆಂದು ಬಾಯಿಪಾಠ ಮಾಡುತ್ತಾರೆ. ನನ್ನ ಮಟ್ಟಿಗೆ ಅದನ್ನು ಒಡೆದು ನೋಡುವುದೇ ಲೇಸು. ಇಲ್ಲಿರುವ ‘ದೆ’ ಹೆಚ್ಚುಕಡಿಮೆ ನಮ್ಮ ‘ಆಗಿ’. ‘ವ’ ಎಂಬುದು ‘ವತಶಿ ವ’ದಲ್ಲಿ ಕಂಡ ವಿಷಯಸೂಚಕ ಪ್ರತ್ಯಯವೇ (ಬರೆಯುವುದು ‘ಹ’ ಅಕ್ಷರದಲ್ಲಿ, ಓದುವುದು ‘ವ’ ಎಂದು). ‘ಅರಿಮಸೆನ್’ ಎಂದರೆ ‘ಇಲ್ಲ’. ಆಪ್ತರೊಡನೆ ಆಡುವಾಗ ಈ ‘ಅರಿಮಸೆನ್’ ಬದಲು ‘ನೈ’ ಬರುತ್ತದೆ, ‘ದೆವ’ ಸವೆದು ‘ಜ’ ಆಗುತ್ತದೆ, ಹೀಗೆ ‘ಗಕುಸೇ ಜ ನೈ’ ಎಂಬ ರೂಪ ಸಿದ್ಧವಾಗುತ್ತದೆ. ಅದಕ್ಕೆ ‘ದೆಸ್’ ಸೇರಿಸಿ ‘ಜ ನೈ ದೆಸ್’ ಎಂದರೆ ಮರ್ಯಾದೆಯ ಮಾತಾಗುತ್ತದೆ. ಬರವಣಿಗೆಗೂ ಔಪಚಾರಿಕ ಸಂದರ್ಭಕ್ಕೂ ‘ದೆವ ಅರಿಮಸೆನ್’ ಹೆಚ್ಚು ಒಪ್ಪುತ್ತದೆ.

ಅಂದರೆ ಜಪಾನಿಯರು ‘ಅಲ್ಲ’ವನ್ನು ‘ಇಲ್ಲ’ದಿಂದಲೇ ಕಟ್ಟುತ್ತಾರೆ. ಕನ್ನಡದಲ್ಲಿ ಇವೆರಡೂ ಬೇರೆ ಬೇರೆ ಪದಗಳಾದ್ದರಿಂದ ಇದು ವಿಚಿತ್ರವೆನಿಸಬಹುದು. ಆದರೆ ‘ಅಲ್ಲ’ಕ್ಕೆ ಭೂತಕಾಲದ ರೂಪವಿಲ್ಲದ ಕಾರಣ ನಾವೂ ‘ಅವನು ಆಗ ವಿದ್ಯಾರ್ಥಿಯಾಗಿರಲಿಲ್ಲ’ ಎನ್ನುತ್ತೇವಲ್ಲವೇ? ಅಲ್ಲಿ ‘ಆಗಿ’ಯೂ ಇದೆ, ‘ಇಲ್ಲ’ವೂ ಇದೆ. ಜಪಾನಿಯ ‘ಗಕುಸೇ ದೆವ ನಕತ್ತ’ ಇದೇ ಜಾಡಿನದು. ‘ನಕತ್ತ’ ಎಂದರೆ ‘ಇರಲಿಲ್ಲ’. ಮರ್ಯಾದೆಯ ರೂಪ ‘ದೆವ ಅರಿಮಸೆನ್ ದೆಶಿತ’. ನಾವು ಭೂತಕಾಲದಲ್ಲಿ ಹಿಡಿಯುವ ದಾರಿಯನ್ನು ಅವರು ವರ್ತಮಾನದಲ್ಲೂ ಹಿಡಿಯುತ್ತಾರೆ, ಅಷ್ಟೇ.

ಎಚ್ಚರ ಬೇಕಾದದ್ದು ಎರಡು ಅರ್ಥಗಳನ್ನು ಬೇರ್ಪಡಿಸುವ ಆ ಪುಟ್ಟ ಪ್ರತ್ಯಯಗಳಲ್ಲಿ. ‘ಹೊನ್ ಜ ನೈ’ ಎಂದರೆ ‘ಪುಸ್ತಕ ಅಲ್ಲ’, ‘ಹೊನ್ ಗ ನೈ’ ಎಂದರೆ ‘ಪುಸ್ತಕ ಇಲ್ಲ’. ಜೀವವಿರುವವರ ವಿಷಯದಲ್ಲಿ ಗೊಂದಲ ಕಡಿಮೆ, ಏಕೆಂದರೆ ‘ಮೇಷ್ಟ್ರು ಇಲ್ಲ’ ಎನ್ನಲು ‘ಸೆನ್ಸೇ ಗ ಇಮಸೆನ್’ ಎಂದು ಕ್ರಿಯಾಪದವೇ ಬೇರೆಯಾಗುತ್ತದೆ. ‘ಮೇಷ್ಟ್ರು ಅಲ್ಲ’ ಎನ್ನಲು ಮಾತ್ರ ‘ಸೆನ್ಸೇ ಜ ಅರಿಮಸೆನ್’.

ಗುಣವಾಚಕಗಳ ಒಂದು ಗುಂಪು ನಾಮಪದದ ಹಾದಿಯನ್ನೇ ತುಳಿಯುತ್ತದೆ, ಇನ್ನೊಂದು ತುಳಿಯುವುದಿಲ್ಲ. ‘ಸಮುಇ’ (ಚಳಿ) ಎಂಬುದು ‘ಸಮುಕುನೈ’ ಆಗುತ್ತದೆಯೇ ಹೊರತು ಅದಕ್ಕೆ ‘ಜ ನೈ’ ಹಚ್ಚಿ ನಿಷೇಧ ಮಾಡುವುದಿಲ್ಲ. ‘ಕಿರೇ’ (ಚೆಂದ, ಶುಭ್ರ) ಬರೆದಾಗ ‘ಇ’ ಅಕ್ಷರದಿಂದಲೇ ಮುಗಿದು ಕಣ್ಣಿಗೆ ‘ಸಮುಇ’ಯ ಜಾತಿಯದೆಂದು ತೋರಿದರೂ ಅದರ ನಿಷೇಧ ರೂಪ ನಾಮಪದದಂತೆ ‘ಕಿರೇ ಜ ನೈ’ ಎಂದೇ.