ಊರಿದ್ದಾ, ಘಟ್ಟದ್ದಾ?

ಮಂಗಳೂರಿಗೆ ಬಂದು ಹದಿನಾಲ್ಕು ವರ್ಷ ಆಯ್ತು, ವೋಟು ಗ್ಯಾಸು ಎಲ್ಲ ಇಲ್ಲೇ, ಆದ್ರೂ ಶನಿವಾರ ಬ್ಯಾಗ್ ಹಿಡ್ಕೊಂಡು ಆಫೀಸಿಂದ ಹೊರಟ್ರೆ ಬಾಯಲ್ಲಿ ಬರುದು "ಊರಿಗೆ ಹೋಗ್ತೇನೆ" ಅಂತ್ಲೇ. ಊರು ಅಂದ್ರೆ ಉಡುಪಿ ಹತ್ರದ ಕಟಪಾಡಿ. ಕಲಬುರಗಿ ಕಡೆಯ ಹುಡುಗ ಒಬ್ಬ ನಮ್ಮಲ್ಲಿ ಕೆಲಸಕ್ಕಿದ್ದಾನೆ, ಅವ ಒಮ್ಮೆ ಕೇಳಿದ, "ಒಂದೂವರೆ ತಾಸಿನ ದಾರಿ ಐತಿ, ಇದ್ಯಾವ ಊರ್ರಿ ನಿಮ್ದು?" ಅಂತ. ನನಗೆ ಉತ್ತರ ಕೊಡ್ಲಿಕ್ಕೆ ಆಗ್ಲಿಲ್ಲ, ಆಮೇಲೆ ತುಂಬಾ ಯೋಚನೆ ಮಾಡಿದೆ.

ನಮ್ಮಲ್ಲಿ ಊರು ಅನ್ನುದು ನಿಂತ ಜಾಗ ನೋಡಿ ಸಣ್ಣದು ದೊಡ್ಡದು ಆಗ್ತದೆ. ಬೆಂಗಳೂರಲ್ಲಿದ್ದಾಗ ನಾನು ಕಟಪಾಡಿ ಅಂತ ಹೇಳಿದ್ದೇ ಇಲ್ಲ, ಮಂಗ್ಳೂರು ಅಂತಿದ್ದೆ, 1997ರಲ್ಲೇ ಉಡುಪಿ ಬೇರೆ ಜಿಲ್ಲೆ ಆಗಿದ್ರೂ ಅಲ್ಲಿಯವರಿಗೆ ನಾವೆಲ್ಲ ಮಂಗ್ಳೂರಿನವರೇ. ಬೊಂಬಾಯಿಯಲ್ಲಿ ಹೋಟೆಲಲ್ಲಿ ದುಡಿದ ನಮ್ಮ ಮಾವನಿಗಂತೂ ಊರು ಅಂದ್ರೆ ಬೈಂದೂರಿಂದ ಕಾಸರಗೋಡಿನ ತನಕ ಪೂರ್ತಿ. ಮೂವತ್ತೈದು ವರ್ಷ ಇದ್ದ ಅಲ್ಲಿಯ ಜಾಗಕ್ಕೆ ಅವ್ರು ಕೊನೆವರೆಗೂ ರೂಮು ಅಂತ್ಲೇ ಹೇಳಿದ್ದು, ಮನೆ ಅಂದ್ರೆ ಊರಿದ್ದು ಮಾತ್ರ. 1998ರಲ್ಲಿ ಕೊಂಕಣ ರೈಲು ಪೂರ್ತಿ ಶುರುವಾಗುವ ಮೊದ್ಲು ಹಗಲು ರಾತ್ರಿ ಬಸ್ಸಲ್ಲೇ ಕೂತು ಬರ್ತಿದ್ರು, ಕಾಲು ಬಾತು ಹೋಗಿರ್ತಿತ್ತು, ಆದ್ರೂ ಬಂದ ಕೂಡ್ಲೇ ಬಾವಿ ನೀರು ಸೇದಿ ಕುಡಿದ ಮೇಲೆಯೇ ಮಾತು.

ಮಾರ್ಕೆಟಲ್ಲಿ ಈ ಶಬ್ದಕ್ಕೆ ರೇಟೂ ಉಂಟು. ಬೆಂಡೆ ಕೈಗೆತ್ತಿಕೊಂಡ್ರೆ ಅಮ್ಮನ ಮೊದಲ ಪ್ರಶ್ನೆ, "ಊರಿದ್ದಾ, ಘಟ್ಟದ್ದಾ?" ಇಲ್ಲೇ ಬೆಳೆದದ್ದಾ, ಘಟ್ಟದ ಮೇಲಿಂದ ಬಂದದ್ದಾ ಅಂತ. ಊರಿನ ಬೆಂಡೆ, ಊರಿನ ಬಸಳೆ, ಊರ ಕೋಳಿ ಅಂದ್ರೆ ದುಡ್ಡು ಜಾಸ್ತಿ ಆದ್ರೂ ಚರ್ಚೆ ಇಲ್ಲ. ನಮ್ಮ ಪಕ್ಕದ ಮಟ್ಟುವಿನ ಗುಳ್ಳಕ್ಕೆ, ಅಂದ್ರೆ ಅಲ್ಲಿಯ ಬದನೆಗೆ, 2011ರಲ್ಲಿ ಜಿಐ ಅಂತ ಆ ಜಾಗದ್ದೇ ಬೆಳೆ ಅನ್ನುವ ಸರ್ಕಾರಿ ಗುರುತು ಸಿಕ್ತು, ಅಮ್ಮನಿಗೆ ಆ ಸರ್ಟಿಫಿಕೇಟ್ ಎಲ್ಲ ಬೇಡ, ಕೊಯ್ದಾಗ ಗೊತ್ತಾಗ್ತದೆ ಅಂತಾರೆ. ಆದ್ರೆ ಇದೇ ಮಾತನ್ನ ಮನುಷ್ಯರಿಗೆ ಹಾಕಿ "ಅವ ಘಟ್ಟದವ" ಅಂತ ಸ್ವಲ್ಪ ಸಸಾರ ಮಾಡಿ ಹೇಳುದುಂಟಲ್ಲ, ಅದು ನನಗೆ ಸ್ವಲ್ಪವೂ ಇಷ್ಟ ಇಲ್ಲ. ನೇಮ ಅಂದ್ರೆ ನಮ್ಮಲ್ಲಿ ದೈವಕ್ಕೆ ಮಾಡುವ ಉತ್ಸವ, ಅದರ ಕಾಗದದಲ್ಲಿ "ಊರ ಪರಊರ ಭಕ್ತಾದಿಗಳು" ಅಂತ ಇಬ್ಬರನ್ನೂ ಒಂದೇ ಸಾಲಲ್ಲಿ ಕರೀತೇವೆ, ಬಾಯಿಮಾತಲ್ಲಿ ಮಾತ್ರ ಯಾಕೆ ಬೇರೆ ಮಾಡುದು?

ಇನ್ನೊಂದು ವಿಷ್ಯ, ನಾನು ಇದನ್ನ ಬರೀಲಿಕ್ಕೆ ಕೂತದ್ದೇ ಅದಕ್ಕೆ. ತುಳುವಲ್ಲಿ "ನಾವು"ಗೆ ಎರಡು ಶಬ್ದ. ನಮ ಅಂದ್ರೆ ಕೇಳುವವನನ್ನೂ ಸೇರಿಸಿ ನಾವು, ಎಂಕುಲು ಅಂದ್ರೆ ಅವನನ್ನ ಬಿಟ್ಟು ನಾವು. ಹಾಗಾಗಿ "ಎಂಕ್ಲೆನ ಊರು" ಅಂದ್ರೆ ನಮ್ಮದು, ನಿಮ್ಮದಲ್ಲ. "ನಮ್ಮ ಊರು" ಅಂದ್ರೆ ನಿಮ್ಮದೂ ಹೌದು. ಮಂಗ್ಳೂರಿಗೆ ತುಳುವಲ್ಲಿ ಕುಡ್ಲ ಅಂತಾರೆ, ಬೈಕಿನ ಹಿಂದೆ "ನಮ್ಮ ಕುಡ್ಲ" ಅಂತ ಸ್ಟಿಕ್ಕರ್ ಕಂಡ್ರೆ ಕನ್ನಡದವರಿಗೆ ಬರೀ ಹೆಮ್ಮೆ ಕಾಣ್ಬಹುದು, ತುಳು ಕಿವಿಗೆ ಅದು ಓದುವವನನ್ನೂ ಒಳಗೆ ಕರೀತದೆ. ನಾವು ಮಾತಾಡುವ ಕನ್ನಡದಲ್ಲಿ ಈ ವ್ಯತ್ಯಾಸ ಹೇಳ್ಲಿಕ್ಕೆ ಆಗುದಿಲ್ಲ, ನನಗೆ ನಿಜವಾಗಿ ಬೇಜಾರಿನ ವಿಷ್ಯ ಅದು.

ಹೋದ ವರ್ಷ ಆ ಕಲಬುರಗಿ ಹುಡುಗನನ್ನ ನೇಮಕ್ಕೆ ಕರ್ಕೊಂಡು ಹೋಗಿದ್ದೆ. ರಾತ್ರಿ ಊಟದ ಹೊತ್ತಿಗೆ ಅವ ಸಂಕೋಚದಲ್ಲಿ ದೂರ ನಿಂತಿದ್ದ, ಬಡಿಸ್ತಿದ್ದ ಅಜ್ಜ ಒಬ್ರು ಕೈ ಹಿಡಿದು ಕೂರಿಸಿ, "ನಮ್ಮ ಊರುದ ನೇಮ ಅತ್ತಾ, ವನಸ್ ಮಲ್ತ್‌ದೇ ಪೋವೊಡು" ಅಂದ್ರು. ನಾನು ಅರ್ಥ ಹೇಳಿದೆ, ನಮ್ಮ ಊರಿನ ನೇಮ ಅಲ್ವಾ, ಊಟ ಮಾಡಿಯೇ ಹೋಗ್ಬೇಕು ಅಂತ. "ನಮ್ಮ ಅಂದ್ರ ನನ್ನೂ ಹಿಡದು ಏನ್ರಿ?" ಅಂತ ಕೇಳಿದ.

ಹೌದು ಮಾರಾಯ, ಇಲ್ಲದಿದ್ರೆ ಅವ್ರು ಎಂಕ್ಲೆನ ಅಂತಿದ್ರು.